ಅಜ್ಜಿಯ ಊರಿನಿಂದ ನ್ಯೂಯಾರ್ಕಿಗೆ: ಚೀನೀ ವಲಸಿಗರ ಮಕ್ಕಳು ಮತ್ತು ಅವರ ಮನೆಗೆ ಬೇಕಾದ ಆಸರೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ಸೇತುವೆಯ ಆಸುಪಾಸಿನಲ್ಲಿ, ಈಸ್ಟ್ ಬ್ರಾಡ್‌ವೇ ಮತ್ತು ಎಲ್ಡ್ರಿಜ್ ಬೀದಿಗಳ ಸುತ್ತ, ಚೀನೀ ಫಲಕ ಹೊತ್ತ ಪುಟ್ಟ ಪುಟ್ಟ ಉದ್ಯೋಗ ಏಜೆನ್ಸಿಗಳು ಬೆಳೆದುಕೊಂಡವು. ಅಮೆರಿಕದ ಮೂಲೆ ಮೂಲೆಯ ಚೀನೀ ಹೋಟೆಲುಗಳಿಗೆ ಅಡುಗೆಯವರನ್ನು, ಪಾತ್ರೆ ತೊಳೆಯುವವರನ್ನು, ಊಟ ತಲುಪಿಸುವವರನ್ನು ಒದಗಿಸುತ್ತಿದ್ದುದು ಇವೇ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಊರಿನ ಹೆಸರಿನ ಬದಲು ಆ ಪ್ರದೇಶದ ದೂರವಾಣಿ ಕೋಡಿನ ಮೂರು ಅಂಕಿಗಳಿರುತ್ತಿದ್ದವು, ಪಕ್ಕದಲ್ಲಿ ತಿಂಗಳ ಸಂಬಳ. ಓಹಾಯೊ, ಟೆನೆಸ್ಸೀ ಎಂದು ಇಂಗ್ಲಿಷಿನಲ್ಲಿ ಓದಲು ಬಾರದವನಿಗೂ ಅಂಕಿ ಓದಲು ಬರುತ್ತದೆ. ಆ ಚೀಟಿ ಹಿಡಿದು ಚೈನಾಟೌನಿನಿಂದ, ಅಂದರೆ ಚೀನೀಯರ ಕೇರಿಯಿಂದ, ಹೊರಡುವ ಬಸ್ಸು ಹತ್ತಿದವರು ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ದುಡಿದು, ಮಾಲೀಕ ಕೊಟ್ಟ ಕೋಣೆಯಲ್ಲಿ ಇತರ ಕೆಲಸಗಾರರ ಜೊತೆ ಮಲಗುತ್ತಾರೆ. ಇಂಥ ಗಂಡಹೆಂಡಿರಿಗೆ ಒಂದು ಮಗು ಹುಟ್ಟಿದರೆ ಅದನ್ನು ನೋಡಿಕೊಳ್ಳುವವರು ಯಾರು?

ವಲಸಿಗರ ಮಕ್ಕಳ ವಿಷಯ ಬಂದಾಗಲೆಲ್ಲ ಎರಡು ಸಂಸ್ಕೃತಿಗಳ ತಿಕ್ಕಾಟದ ಮಾತು ಏಳುತ್ತದೆ. ಚೀನೀ ತಂದೆತಾಯಿ ಕಟ್ಟುನಿಟ್ಟು, ಅಮೆರಿಕದ ಶಾಲೆ ಸಡಿಲ, ನಡುವೆ ಮಗು ನಲುಗುತ್ತದೆ ಎಂಬ ಕಥೆ ಹೇಳಲೂ ಸುಲಭ, ನಂಬಲೂ ಸುಲಭ. ಅದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಆದರೆ ಈ ಕುಟುಂಬಗಳ ಬಗ್ಗೆ ನಡೆದಿರುವ ಅಧ್ಯಯನಗಳನ್ನು, ಅವುಗಳ ನಡುವೆ ಕೆಲಸ ಮಾಡಿದವರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದಷ್ಟೂ ನನಗೆ ಒಂದು ಮಾತು ಖಚಿತವಾಗುತ್ತದೆ. ಸಂಸ್ಕೃತಿಯ ಖಾತೆಗೆ ನಾವು ಬರೆಯುವ ನೋವಿನ ಬಹುಪಾಲು ಹುಟ್ಟುವುದು ಅಗಲಿಕೆಯಿಂದ, ಹೆತ್ತವರಿಗೂ ಮಕ್ಕಳಿಗೂ ಒಂದೇ ಭಾಷೆ ಉಳಿಯದಿರುವುದರಿಂದ, ಒಟ್ಟಿಗೆ ಕೂತು ಉಣ್ಣಲು ಹೊತ್ತೇ ಸಿಗದಿರುವುದರಿಂದ. ಸಂಸ್ಕೃತಿಯನ್ನು ಯಾವ ಸರಕಾರವೂ ಬದಲಿಸಿಕೊಡಲಾರದು. ಈ ಮೂರರ ವಿಷಯದಲ್ಲಿ ಮಾತ್ರ ಶಾಲೆ, ಆಸ್ಪತ್ರೆ, ನಗರಾಡಳಿತ, ನೆರೆಹೊರೆ ಎಲ್ಲರೂ ಮಾಡಬಹುದಾದದ್ದು ಬೇಕಾದಷ್ಟಿದೆ.

ಇವರು ಯಾರು, ಹೇಗೆ ಬಂದರು

ಅಮೆರಿಕದಲ್ಲಿ ಚೀನೀ ಮೂಲದವರ ಸಂಖ್ಯೆ ಇಂದು 50 ಲಕ್ಷ ದಾಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವರಲ್ಲಿ ಬಹುಪಾಲು ಜನ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ್ಯದವರು. ಚಿನ್ನದ ಗಣಿಯಲ್ಲಿ, ರೈಲುಹಳಿ ಹಾಕುವಲ್ಲಿ ದುಡಿದವರು. 1882ರ ಚೀನೀ ಬಹಿಷ್ಕಾರ ಕಾಯ್ದೆ ಕಾರ್ಮಿಕರಿಗೆ ಬಾಗಿಲು ಮುಚ್ಚಿತು; ಹೆಂಡತಿಯನ್ನು ಕರೆಸಿಕೊಳ್ಳುವುದು ಅಸಾಧ್ಯವೆನ್ನುವಷ್ಟು ಕಷ್ಟವಾಗಿ, ಚೈನಾಟೌನ್‌ಗಳು ದಶಕಗಳ ಕಾಲ ಒಂಟಿ ಗಂಡಸರ ಕೇರಿಗಳಾಗಿ ಉಳಿದವು. 1943ರಲ್ಲಿ ಕಾಯ್ದೆ ರದ್ದಾದಾಗಲೂ ವರ್ಷಕ್ಕೆ ಸಿಕ್ಕ ಪ್ರವೇಶ 105 ಜನರಿಗೆ. ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1965ರ ವಲಸೆ ಕಾಯ್ದೆಯ ನಂತರ. ಅದೇ ಕಾಯ್ದೆ ಭಾರತೀಯರಿಗೂ ದಾರಿ ತೆರೆಯಿತು. ಇಂದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ಕನ್ನಡದ ಎಂಜಿನಿಯರೂ ಚೀನೀ ಎಂಜಿನಿಯರೂ ಅಕ್ಕಪಕ್ಕದ ಮನೆಗಳಲ್ಲಿ ಇರುವುದರ ಬೇರು ಅಲ್ಲಿದೆ.

ನಾನು ಇಲ್ಲಿ ಹೆಚ್ಚಾಗಿ ಮಾತಾಡುವುದು ಆ ಎಂಜಿನಿಯರುಗಳ ಬಗ್ಗೆ ಅಲ್ಲ. 1980ರ ದಶಕದಿಂದೀಚೆಗೆ ಫುಜಿಯಾನ್ ಪ್ರಾಂತ್ಯದ ಫುಜೌ ಸುತ್ತಲಿನ ಹಳ್ಳಿಗಳಿಂದ ನ್ಯೂಯಾರ್ಕಿಗೆ ಬಂದವರ ಬಗ್ಗೆ. ಅವರಲ್ಲಿ ಅನೇಕರು ದಲ್ಲಾಳಿಗಳಿಗೆ ಭಾರಿ ಸಾಲದ ಒಪ್ಪಂದ ಮಾಡಿಕೊಂಡು ಕಳ್ಳದಾರಿಯಲ್ಲಿ ಬಂದವರು. 1993ರ ಜೂನ್‌ನಲ್ಲಿ ‘ಗೋಲ್ಡನ್ ವೆಂಚರ್’ ಎಂಬ ಹಡಗು 286 ಜನರನ್ನು ಹೊತ್ತು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ರಾಕವೇ ದಂಡೆಯ ಬಳಿ ಮರಳಿಗೆ ಸಿಕ್ಕಿಕೊಂಡಿತು. ಕತ್ತಲಲ್ಲಿ ಸಮುದ್ರಕ್ಕೆ ಹಾರಿದವರಲ್ಲಿ ಹತ್ತು ಮಂದಿ ಸತ್ತರು. ಆ ಪ್ರಯಾಣಕ್ಕೆ ಒಬ್ಬೊಬ್ಬರು ಕೊಡಬೇಕಾಗಿದ್ದ ಮೊತ್ತ ಸುಮಾರು 30,000 ಡಾಲರ್. ಆ ಸಾಲ ತೀರುವ ತನಕ ಬದುಕು ಶುರುವಾಗುವುದೇ ಇಲ್ಲ.

ಅಜ್ಜಿಯ ಮಡಿಲಿಗೆ, ಮತ್ತೆ ವಾಪಸು

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನ ಮೊಕದ್ದಮೆಯಲ್ಲಿ, ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1898ರಲ್ಲೇ ಎತ್ತಿಹಿಡಿಯಿತು. ಹೀಗಾಗಿ ಸ್ವತಃ ಕಾಗದಪತ್ರವಿಲ್ಲದ ತಂದೆತಾಯಿಯ ತೊಡೆಯ ಮೇಲೆ ಅಮೆರಿಕದ ಪಾಸ್‌ಪೋರ್ಟ್ ಇರುವ ಕೂಸು ಮಲಗಿರುತ್ತದೆ. ತಾಯಿ ಕೆಲಸಕ್ಕೆ ಮರಳಲೇಬೇಕು. ಕೂಸನ್ನು ನೋಡಿಕೊಳ್ಳುವ ಕೇಂದ್ರದ ಶುಲ್ಕ ಅವಳ ಸಂಬಳವನ್ನೇ ನುಂಗುತ್ತದೆ. ತಂದೆತಾಯಿ ಊರಿಗೆ ಹೋದರೆ ಮರಳಿ ಬರಲಾರರು. ಅಜ್ಜ ಅಜ್ಜಿಗೆ ಇಲ್ಲಿಗೆ ಬರಲು ಸಾಮಾನ್ಯವಾಗಿ ವೀಸಾ ಸಿಗುವುದಿಲ್ಲ. ಮನೆಯಲ್ಲಿ ಗಡಿ ದಾಟಬಲ್ಲ ಒಂದೇ ಜೀವ ಆ ಕೂಸು. ಊರಿಗೆ ಹೊರಟ ಪರಿಚಯದವರ ಜೊತೆ, ಕೆಲವೊಮ್ಮೆ ಹಣ ಕೊಟ್ಟು ಗೊತ್ತುಮಾಡಿದವರ ಜೊತೆ, ಕೆಲವೇ ತಿಂಗಳ ಮಗು ಫುಜಿಯಾನ್‌ಗೆ ಹಾರುತ್ತದೆ. ಶಾಲೆಗೆ ಸೇರುವ ವಯಸ್ಸಿಗೆ, ಅಂದರೆ ನಾಲ್ಕೋ ಐದೋ ತುಂಬಿದಾಗ, ವಾಪಸು ಬರುತ್ತದೆ. ಸಮಾಜಸೇವಕರೂ ಸಂಶೋಧಕರೂ ಇಂಥವರನ್ನು ಉಪಗ್ರಹ ಶಿಶುಗಳು ಎಂದು ಕರೆಯುತ್ತಾರೆ.

ಹೊರಗಿನವರು ಇದನ್ನು ಕೇಳಿದ ಕೂಡಲೇ ‘ಹೆತ್ತವರಿಗೆ ಮನಸ್ಸಾದರೂ ಹೇಗೆ ಬಂತು’ ಎನ್ನುತ್ತಾರೆ. ನಮ್ಮವರಿಗೆ ಅಷ್ಟು ಆಶ್ಚರ್ಯವಾಗಬಾರದು. ಮೊಮ್ಮಕ್ಕಳನ್ನು ಅಜ್ಜಿ ಬೆಳೆಸುವುದು ಚೀನಾದಲ್ಲಿ ಪ್ರೀತಿಯ ವ್ಯವಸ್ಥೆ. ಹಳ್ಳಿಯಿಂದ ನಗರಕ್ಕೆ ದುಡಿಯಲು ಹೋದ ಕೋಟ್ಯಂತರ ಕಾರ್ಮಿಕರು ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟೇ ಹೋಗಿದ್ದಾರೆ. ಬಾಣಂತಿಗೆ ಒಂದು ತಿಂಗಳು ತಣ್ಣೀರು ಮುಟ್ಟಿಸದೆ, ಗಾಳಿಗೆ ಒಡ್ಡದೆ, ಶುಂಠಿ ಹಾಕಿದ ಬಿಸಿ ಆಹಾರ ಕೊಟ್ಟು ನೋಡಿಕೊಳ್ಳುವ ಪದ್ಧತಿಯೂ ಅಲ್ಲಿ ನಮ್ಮ ಬಾಣಂತನದಷ್ಟೇ ಗಟ್ಟಿಯಾಗಿದೆ. ಕೂಸು ಎಂಬುದು ತಾಯಿ ಒಬ್ಬಳದೇ ಹೊಣೆ ಎಂಬ ಯೋಚನೆಯೇ ಅವರಿಗೆ ಹೊಸದು. ಕಳುಹಿಸಿದ ತಾಯಿ ಮಗುವನ್ನು ತೊರೆದಿಲ್ಲ. ತನಗಿಂತ ಚೆನ್ನಾಗಿ ನೋಡಿಕೊಳ್ಳಬಲ್ಲ ಕೈಗೆ ಒಪ್ಪಿಸಿದ್ದಾಳೆ. ಈ ಒಂದು ಮಾತು ಅರ್ಥವಾಗದ ಸಲಹೆಗಾರ ಆ ತಾಯಿಗೆ ಯಾವ ಸಹಾಯವನ್ನೂ ಮಾಡಲಾರ.

ಕಷ್ಟ ಬಿಚ್ಚಿಕೊಳ್ಳುವುದು ಮರಳಿದ ಮೇಲೆ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನೆಲ್ಲ ಒಂದೇ ಮನೆಯಲ್ಲಿಟ್ಟು ನೋಡೋಣ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಬಾಡಿಗೆ ಮನೆ, ನಾಲ್ಕೂವರೆ ವರ್ಷದ ಹುಡುಗ. ವಿಮಾನದಲ್ಲಿ ತೊಟ್ಟಿದ್ದ ದಪ್ಪ ಜಾಕೆಟ್ಟನ್ನು ಮನೆಯೊಳಗೂ ಬಿಚ್ಚಲು ಒಪ್ಪುವುದಿಲ್ಲ. ಅದನ್ನು ಗುಂಡಿ ಹಾಕಿ ಕಳುಹಿಸಿದ್ದು ಅಜ್ಜಿ. ಫೋನಿನ ಪರದೆಯಲ್ಲಿ ನೋಡಿದ್ದ ‘ಅಮ್ಮ’ ಈಗ ಪೂರ್ತಿ ಗಾತ್ರದ ಹೆಂಗಸಾಗಿ ಎದುರು ನಿಂತಿದ್ದಾಳೆ, ಅವನು ಗೋಡೆಯ ಕಡೆ ಸರಿಯುತ್ತಾನೆ. ಗಂಜಿಯನ್ನು ತಟ್ಟೆಯಲ್ಲೇ ಬಿಡುತ್ತಾನೆ. ಇಲ್ಲೇ ಹುಟ್ಟಿ ಇಲ್ಲೇ ಉಳಿದ ಎರಡು ವರ್ಷದ ತಂಗಿ ತಾಯಿಯ ಮಡಿಲಲ್ಲಿ ಕೂತಿರುವುದನ್ನು ನೋಡುತ್ತಾನೆ, ಸಂಜೆ ಅವಳನ್ನು ತಳ್ಳುತ್ತಾನೆ. ರಾತ್ರಿ ಅಜ್ಜಿಗೆ ಫೋನು ಮಾಡಿದರೆ ಒಂದು ಗಂಟೆ ಅಳು. ಮೂರನೆಯ ದಿನ ತಂದೆ ತೀರ್ಮಾನಿಸುತ್ತಾನೆ: ಫೋನು ಬೇಡ, ಮರೆತರೆ ಸರಿಹೋಗುತ್ತಾನೆ. ಎರಡು ವಾರದ ನಂತರ ಶಾಲೆಯಿಂದ ಚೀಟಿ ಬರುತ್ತದೆ: ಹುಡುಗ ಮಾತಾಡುವುದಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ತಪಾಸಣೆ ಮಾಡಿಸಿ.

ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ರೂಪಿಸಿದ ಬಾಂಧವ್ಯ ಸಿದ್ಧಾಂತ ಇಲ್ಲಿ ನೆರವಿಗೆ ಬರುತ್ತದೆ. ಮಗು ಮೊದಲ ವರ್ಷಗಳಲ್ಲಿ ತನ್ನನ್ನು ದಿನವೂ ಎತ್ತಿ ಆಡಿಸಿದವರ ಮೇಲೆ ತನ್ನ ಭದ್ರತೆಯನ್ನು ಕಟ್ಟಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ಹುಡುಗನ ತಾಯಿ ಅಜ್ಜಿಯೇ. ಹೆತ್ತವರು ‘ಮಗ ಮನೆಗೆ ಬಂದ’ ಎಂದು ಸಂಭ್ರಮಿಸುವ ದಿನ ಅವನ ಪಾಲಿಗೆ ತಾಯಿಯನ್ನು ಕಳೆದುಕೊಂಡ ದಿನ. ಶಾಲೆಗೆ ಈ ಹಿನ್ನೆಲೆ ತಿಳಿಯದಿದ್ದರೆ ದುಃಖವನ್ನೇ ಕಾಯಿಲೆ ಎಂದು ಓದುವ ಅಪಾಯವಿದೆ. ನಿಜವಾಗಿಯೂ ಆಟಿಸಂ ಇರುವ ಮಗುವಿನ ತಪಾಸಣೆ ‘ಹೊಸದಾಗಿ ಬಂದಿದ್ದಾನೆ, ಸರಿಹೋಗುತ್ತಾನೆ’ ಎಂದು ಮುಂದಕ್ಕೆ ಹೋಗುವ ಅಪಾಯವೂ ಅಷ್ಟೇ ಇದೆ. ಆದ್ದರಿಂದ ದಾಖಲಾತಿಯ ಅರ್ಜಿಯಲ್ಲೇ ಒಂದು ಸರಳ ಪ್ರಶ್ನೆ ಇರಬೇಕು: ಈ ಮಗು ಈವರೆಗೆ ಎಲ್ಲಿ, ಯಾರ ಜೊತೆ ಬೆಳೆಯಿತು? ಕಾಗದಪತ್ರದ ಭಯವಿರುವ ತಂದೆತಾಯಿ ಉತ್ತರಿಸಬೇಕಾದರೆ, ಆ ಪ್ರಶ್ನೆಯನ್ನು ವಲಸೆ ಇಲಾಖೆಯ ದನಿಯಲ್ಲಿ ಕೇಳಬಾರದು, ಅಷ್ಟೇ.

ಟೊರೊಂಟೊದ ಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಇವಾನ್ ಬೋರ್ ಕೆನಡಾದಲ್ಲಿ ಈ ಕುಟುಂಬಗಳನ್ನು ಬಹಳ ಕಾಲ ಅಧ್ಯಯನ ಮಾಡಿದ್ದಾರೆ. ಕಳುಹಿಸುವವರು ಬಡವರು ಮಾತ್ರವಲ್ಲ, ಓದಿದವರೂ ಇದ್ದಾರೆ. ಹೆತ್ತವರನ್ನು ದೂರದೆ ಬೆಂಬಲಿಸಬೇಕು ಎಂಬ ನಿಲುವಿಗೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಬಂದಿರುವುದು ಇಂಥ ಅನುಭವಗಳಿಂದ. ಮಾಡಬಹುದಾದದ್ದು ಬಹಳ ಸಣ್ಣ ಸಣ್ಣ ಸಂಗತಿಗಳು. ಮಗು ಹೊರಡುವ ಮೊದಲೇ ಕಳುಹಿಸಬೇಕೇ ಬೇಡವೇ ಎಂದು ಕೂತು ಮಾತಾಡಲು ಪ್ರಸವಪೂರ್ವ ತಪಾಸಣೆಯಲ್ಲೇ ಅವಕಾಶವಿರಬೇಕು, ಏಕೆಂದರೆ ನಿರ್ಧಾರ ಆಗುವುದು ಆಗಲೇ. ಅಲ್ಲಿದ್ದಾಗ ವೀಡಿಯೊ ಕರೆ ನಿಗದಿತ ಹೊತ್ತಿಗೆ, ದಿನವೂ ಇರಬೇಕು. ಮರಳುವಾಗ ಸಾಧ್ಯವಾದರೆ ಅಜ್ಜಿಯೂ ಬಂದು ಕೆಲವು ವಾರ ಇರಬೇಕು. ಆಗದಿದ್ದರೆ ಮಗು ಹೊದೆಯುತ್ತಿದ್ದ ಹಳೆಯ ಹೊದಿಕೆ, ಅಜ್ಜಿಯ ಫೋಟೊ, ಅಜ್ಜಿ ಮಾಡುತ್ತಿದ್ದ ಸಾರಿನ ರುಚಿ ಜೊತೆಗೆ ಬರಬೇಕು. ಮತ್ತು ಆ ತಂದೆಗೆ ಯಾರಾದರೂ ಅವನದೇ ಭಾಷೆಯಲ್ಲಿ ಹೇಳಬೇಕು: ಫೋನು ನಿಲ್ಲಿಸಬೇಡಿ. ಅಳು ಅಡ್ಡಿಯಲ್ಲ. ಮಗು ಅಜ್ಜಿಗಾಗಿ ನಿಮ್ಮ ಎದುರು ಅತ್ತಾಗ ನೀವು ಎತ್ತಿಕೊಂಡರೆ, ಅದೇ ನಿಮ್ಮ ಮೊದಲ ಸಂಬಂಧ.

ಮನೆಯೊಳಗೆ ಯಾವ ಭಾಷೆ

ಆ ಹುಡುಗ ಒಂದೆರಡು ವರ್ಷದಲ್ಲಿ ಸರಾಗವಾಗಿ ಇಂಗ್ಲಿಷ್ ಮಾತಾಡುತ್ತಾನೆ. ಎಲ್ಲರಿಗೂ ಸಮಾಧಾನ. ನನಗೆ ಈ ಘಟ್ಟದ ಬಗ್ಗೆಯೇ ಹೆಚ್ಚು ಆತಂಕ.

ಬರ್ಕ್‌ಲಿ ವಿಶ್ವವಿದ್ಯಾಲಯದ ಭಾಷಾ ವಿದ್ವಾಂಸೆ ಲಿಲಿ ವಾಂಗ್ ಫಿಲ್ಮೋರ್, ಸ್ವತಃ ಚೀನೀ ವಲಸಿಗರ ಮಗಳು, 1991ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ ಒಂದು ಎಚ್ಚರಿಕೆ ಕೊಟ್ಟರು: ಮನೆಮಾತು ಗಟ್ಟಿಯಾಗುವ ಮೊದಲೇ ಇಂಗ್ಲಿಷ್ ಮಾತ್ರ ಇರುವ ಶಿಶುಶಾಲೆಗೆ ಹೋದ ಮಕ್ಕಳು ಮನೆಮಾತನ್ನು ಬೇಗ ಕಳೆದುಕೊಳ್ಳುತ್ತಾರೆ, ಕಳೆದುಕೊಂಡಾಗ ಹೆತ್ತವರು ಬುದ್ಧಿ ಹೇಳುವ, ಕಥೆ ಹೇಳುವ, ಸಮಾಧಾನಪಡಿಸುವ ಸಾಧನವೇ ಕೈತಪ್ಪುತ್ತದೆ. ವಿವಿಯನ್ ತ್ಸೆಂಗ್ ಮತ್ತು ಆಂಡ್ರ್ಯೂ ಫುಲಿನಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಹದಿಹರೆಯದವರನ್ನು ನೋಡಿತು. ಪೂರ್ವ ಏಷ್ಯಾ, ಫಿಲಿಪೀನ್ಸ್, ಲ್ಯಾಟಿನ್ ಅಮೆರಿಕ ಮೂಲದ ವಲಸೆ ಮನೆಗಳ ಮಕ್ಕಳು. ತಂದೆತಾಯಿ ಒಂದು ಭಾಷೆಯಲ್ಲಿ ಮಾತಾಡಿ ಮಕ್ಕಳು ಇನ್ನೊಂದರಲ್ಲಿ ಉತ್ತರಿಸುವ ಮನೆಗಳಲ್ಲಿ ಭಾವನಾತ್ಮಕ ದೂರ ಹೆಚ್ಚಿತ್ತು. ಇಬ್ಬರೂ ಮನೆಮಾತಿನಲ್ಲೇ ಮಾತಾಡುವ ಕಡೆ ಒಗ್ಗಟ್ಟು ಹೆಚ್ಚಿತ್ತು. ದೂರದಿಂದ ಭಾಷೆ ಕಳೆಯಿತೋ, ಭಾಷೆ ಕಳೆದು ದೂರವಾಯಿತೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿ ಬಿಡಿಸಲಾರದು. ಆದರೆ ಹದಿನಾಲ್ಕು ವರ್ಷದ ಹುಡುಗಿಯ ಬಳಿ ‘ಊಟ ಮಾಡು, ಮಲಗು, ಹೋಂವರ್ಕ್ ಆಯಿತೇ’ ಎನ್ನುವಷ್ಟೇ ಚೀನೀ ಉಳಿದಿದ್ದು, ತಾಯಿಯ ಬಳಿ ಹೋಟೆಲಿನ ಮೆನುವಿನಷ್ಟು ಇಂಗ್ಲಿಷ್ ಇದ್ದಾಗ, ಗೆಳತಿ ಬಿಟ್ಟುಹೋದ ಸಂಕಟವನ್ನೋ ಓದಿನ ಮೇಲಿನ ಭಯವನ್ನೋ ಅವರು ಯಾವ ಭಾಷೆಯಲ್ಲಿ ಮಾತಾಡಬೇಕು? ಆ ಮೌನವನ್ನು ಹೊರಗಿನವರು ಚೀನೀ ಮನೆಗಳ ಗಾಂಭೀರ್ಯ ಎಂದು ತಿಳಿಯುತ್ತಾರೆ.

ಇದರ ಮೇಲೆ ಇನ್ನೊಂದು ತೊಡಕು ಇದೆ, ಮಂಗಳೂರಿನ ಓದುಗರಿಗೆ ಥಟ್ಟನೆ ಅರ್ಥವಾಗುವಂಥದ್ದು. ತುಳು, ಕೊಂಕಣಿ, ಬ್ಯಾರಿ ಮನೆಯ ಮಗು ಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಯುವ ಹಾಗೆ, ಫುಜೌ ಮನೆಯ ಮಗು ಅಜ್ಜಿಯ ಬಳಿ ಫುಜೌ ನುಡಿಯನ್ನೂ ಶನಿವಾರದ ಚೀನೀ ಶಾಲೆಯಲ್ಲಿ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಅನ್ನೂ ಕೇಳುತ್ತದೆ. ಮಾತಿನಲ್ಲಿ ಇವೆರಡೂ ಒಂದನ್ನೊಂದು ಅರಿಯದಷ್ಟು ಬೇರೆ. ಹಳೆಯ ಚೈನಾಟೌನ್‌ನ ತೈಶಾನ್ ನುಡಿ, ಕ್ಯಾಂಟನೀಸ್ ಇವುಗಳ ಕಥೆಯೂ ಹಾಗೆಯೇ. ಹೆತ್ತವರು ವಾರಾಂತ್ಯದ ಶಾಲೆಗೆ ಹಣ ಕಟ್ಟಿ, ಮಗು ನೂರಾರು ಅಕ್ಷರ ಬರೆಯಲು ಕಲಿತು, ಅಜ್ಜಿಯ ಜೊತೆ ಮಾತ್ರ ಮಾತು ಹತ್ತದೆ ಉಳಿಯಬಹುದು. ವಾರಾಂತ್ಯದ ಶಾಲೆಗಳು ಒಳ್ಳೆಯವೇ. ತನ್ನಂಥ ಮುಖಗಳು, ತನ್ನಂಥ ಊಟದ ಡಬ್ಬಿಗಳು ಇರುವ ಕೋಣೆಯೊಂದು ಮಗುವಿಗೆ ಸಿಗುತ್ತದೆ. ವಿದೇಶದಲ್ಲಿ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳನ್ನು ನಡೆಸುವವರಿಗೂ ಇದು ಗೊತ್ತು. ಆದರೆ ಆಯ್ಕೆ ಮಾಡಲೇಬೇಕಾಗಿ ಬಂದರೆ, ಪುಸ್ತಕದ ಚೀನೀಗಿಂತ ಮೊದಲು ಮನೆಯೊಳಗಿನ ಆಡುನುಡಿಯನ್ನು ಉಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂದು ಸಲಹೆ ಕೊಡುವ ಶಿಕ್ಷಕರು, ವೈದ್ಯರು ಇನ್ನೂ ಇದ್ದಾರೆ. ಈ ಸಲಹೆ ತಪ್ಪು. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಾತಿನ ತೊಂದರೆ ಇರುವ ಮಗುವಿಗೂ ಮನೆಮಾತು ಬಿಡಿಸಬೇಕಾಗಿಲ್ಲ ಎಂಬುದು ವಾಕ್‌ಚಿಕಿತ್ಸಕರ ಒಪ್ಪಿತ ನಿಲುವು. ತಾಯಿ ತನಗೆ ಬಾರದ ಭಾಷೆಯಲ್ಲಿ ಮಗುವಿನ ಜೊತೆ ತಡವರಿಸುವುದಕ್ಕಿಂತ, ಬರುವ ಭಾಷೆಯಲ್ಲಿ ದಿನವಿಡೀ ಹರಟುವುದು ಮಗುವಿನ ಇಂಗ್ಲಿಷಿಗೂ ಒಳ್ಳೆಯದು.

ಒಂಬತ್ತರ ವಯಸ್ಸಿನ ದುಭಾಷಿ

ಮಗುವಿಗೆ ಇಂಗ್ಲಿಷ್ ಬಂದ ದಿನದಿಂದ ಮನೆಯ ಕಾಗದಪತ್ರವೆಲ್ಲ ಅದರ ಕೈಗೆ ಬರುತ್ತದೆ. ಮನೆ ಮಾಲೀಕನ ನೋಟೀಸು, ವಿಮೆಯ ಅರ್ಜಿ, ವಿದ್ಯುತ್ ಬಿಲ್ಲು, ತನ್ನದೇ ಅಂಕಪಟ್ಟಿ. ಇದರಿಂದ ಮಕ್ಕಳು ಜಾಣರೂ ಹೊಣೆಯುಳ್ಳವರೂ ಆಗುತ್ತಾರೆ, ಮನೆಗೆ ಉಪಯೋಗಕ್ಕೆ ಬಂದೆ ಎಂಬ ಹೆಮ್ಮೆಯೂ ಇರುತ್ತದೆ. ಸಂಶೋಧನೆಗಳಲ್ಲಿ ಈ ಎರಡೂ ಮುಖ ಕಾಣುತ್ತವೆ. ಎಲ್ಲೆ ದಾಟುವುದು ಆಸ್ಪತ್ರೆಯಲ್ಲಿ. ಒಂಬತ್ತು ವರ್ಷದ ಹುಡುಗಿ ವೈದ್ಯರಿಗೂ ತಾಯಿಗೂ ನಡುವೆ ನಿಂತು, ತಾಯಿಯ ಎದೆಯಲ್ಲಿ ಸಿಕ್ಕ ಗಂಟಿನ ಬಗ್ಗೆ ಹೇಳಬೇಕು. ಪದ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವ ಧೈರ್ಯವಿಲ್ಲ. ‘ಏನೂ ಇಲ್ಲವಂತೆ, ಇನ್ನೊಂದು ಪರೀಕ್ಷೆ ಮಾಡಿಸಬೇಕಂತೆ’ ಎನ್ನುತ್ತಾಳೆ, ಮತ್ತು ನಿಜವನ್ನು ಒಬ್ಬಳೇ ಹೊತ್ತು ಮನೆಗೆ ಬರುತ್ತಾಳೆ.

ಅಮೆರಿಕದ ಆರೋಗ್ಯ ಕಾನೂನಿನಡಿ 2016ರಲ್ಲಿ ಬಂದ ನಿಯಮ, ತುರ್ತು ಸಂದರ್ಭ ಬಿಟ್ಟು, ಸರಕಾರಿ ಹಣ ಪಡೆಯುವ ಆಸ್ಪತ್ರೆಗಳು ಅಪ್ರಾಪ್ತ ಮಕ್ಕಳನ್ನು ದುಭಾಷಿಗಳಾಗಿ ಅವಲಂಬಿಸುವಂತಿಲ್ಲ ಎಂದಿತು. ನ್ಯೂಯಾರ್ಕ್ ನಗರದ 2017ರ ಸ್ಥಳೀಯ ಕಾನೂನು 30, ನಗರದ ಇಲಾಖೆಗಳು ಚೀನೀ, ಬಂಗಾಳಿ, ಉರ್ದು ಸೇರಿ ಹತ್ತು ಭಾಷೆಗಳಲ್ಲಿ ಸೇವೆ ಒದಗಿಸಬೇಕೆಂದು ವಿಧಿಸಿತು. ಇವು ದೊಡ್ಡ ಹೆಜ್ಜೆಗಳು. ಆದರೂ ಚೀನೀಯಲ್ಲಿ ಅಚ್ಚಾದ ನೋಟೀಸು ಹಳ್ಳಿಯ ಶಾಲೆಯಲ್ಲಿ ಕೆಲವೇ ವರ್ಷ ಓದಿದವಳಿಗೆ ಕಚೇರಿಯ ಕಗ್ಗವಾಗಿಯೇ ಉಳಿಯುತ್ತದೆ, ಮ್ಯಾಂಡರಿನ್ ದುಭಾಷಿ ಸಿಕ್ಕಷ್ಟು ಸುಲಭವಾಗಿ ಫುಜೌ ನುಡಿಯವರು ಸಿಗುವುದಿಲ್ಲ. ಮತ್ತು ಹಕ್ಕು ಇದೆ ಎಂಬುದೇ ತಾಯಿಗೆ ಗೊತ್ತಿರುವುದಿಲ್ಲ. ದುಭಾಷಿಗೆ ಹಣ ಕೊಡಬೇಕಾಗಿಲ್ಲ ಎಂದು ಅವಳಿಗೆ ತಿಳಿಸುವುದೇ ಒಂದು ಸಹಾಯ.

ಈ ಹಕ್ಕುಗಳ ಹಿಂದೆ ಚೀನೀ ಮಕ್ಕಳೇ ಇದ್ದಾರೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಸ್ಯಾನ್ ಫ್ರಾನ್ಸಿಸ್ಕೊದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ವಿದ್ಯಾರ್ಥಿಗಳು ಯಾವ ಹೆಚ್ಚುವರಿ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಅವರ ಪರವಾಗಿ ಹೂಡಿದ ಲಾವ್ ವಿರುದ್ಧ ನಿಕಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು: ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಶಿಕ್ಷಕ, ಒಂದೇ ಪಾಠ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಭಾಷೆ ತಿಳಿಯದ ಮಗುವಿಗೆ ಶಿಕ್ಷಣದ ಬಾಗಿಲೇ ಮುಚ್ಚಿದಂತೆ. ಅಮೆರಿಕದ ಶಾಲೆಗಳಲ್ಲಿ ಇಂದು ಮೆಕ್ಸಿಕೊದ, ಸೊಮಾಲಿಯಾದ, ಗುಜರಾತಿನ ಮಗುವಿಗೂ ಸಿಗುವ ಭಾಷಾ ನೆರವು ನಿಂತಿರುವುದು ಆ ತೀರ್ಪಿನ ಮೇಲೆ.

ಕಟ್ಟುನಿಟ್ಟಿನ ವಿಷಯ

ಪಾಲನೆಯನ್ನು ಬಗೆಬಗೆಯಾಗಿ ವಿಂಗಡಿಸಿದ ಅಮೆರಿಕದ ಮನಶ್ಶಾಸ್ತ್ರ, ಆಜ್ಞೆ ಹೆಚ್ಚು ಅಕ್ಕರೆ ಕಡಿಮೆ ಇರುವ ಪಾಲನೆ ಮಕ್ಕಳ ಓದಿಗೂ ಮನಸ್ಸಿಗೂ ಕೆಡುಕು ಎಂದು ಕಂಡುಕೊಂಡಿತ್ತು. ಆ ಅಳತೆಗೋಲಿನಲ್ಲಿ ಚೀನೀ ತಂದೆತಾಯಿ ‘ಸರ್ವಾಧಿಕಾರಿ’ಗಳ ಸಾಲಿಗೆ ಬೀಳುತ್ತಿದ್ದರು, ಅವರ ಮಕ್ಕಳು ಮಾತ್ರ ಓದಿನಲ್ಲಿ ಮುಂದೆ. 1994ರಲ್ಲಿ ರೂತ್ ಚಾವೊ ಎಂಬ ಸಂಶೋಧಕಿ ಈ ಒಗಟನ್ನು ಬಿಡಿಸಲು ಹೊರಟು, ಅಳತೆಗೋಲೇ ಚೀನೀ ಮನೆಗೆ ಹೊಂದುವುದಿಲ್ಲ ಎಂದರು. ಅಲ್ಲಿ ಮಗುವನ್ನು ಹಿಡಿತದಲ್ಲಿಡುವುದು ಮತ್ತು ಅದರ ಪಕ್ಕದಲ್ಲೇ ಇದ್ದು ತಿದ್ದಿ ಬೆಳೆಸುವುದು ಒಂದೇ ಕೆಲಸದ ಎರಡು ಮಗ್ಗುಲು. ಹಿಡಿತ ಸಡಿಲಿಸುವುದೇ ಅಲಕ್ಷ್ಯ. ಬಾಯಿಬಿಟ್ಟು ಪ್ರೀತಿ ಹೇಳದ, ಆದರೆ ಪರೀಕ್ಷೆಯ ಮುನ್ನಾದಿನ ಜೊತೆಯಲ್ಲಿ ನಿದ್ದೆಗೆಡುವ ಅಪ್ಪ ಅಮ್ಮಂದಿರನ್ನು ಕಂಡಿರುವ ನಮಗೆ ಇದಕ್ಕೆ ಹೆಚ್ಚು ವಿವರಣೆ ಬೇಡ.

ಹಾಗೆಂದು ಕಠೋರತೆಯನ್ನು ಸಂಸ್ಕೃತಿಯ ಹೆಸರಲ್ಲಿ ಮೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸು ಯಿಯಾಂಗ್ ಕಿಮ್ ಮತ್ತು ಸಂಗಡಿಗರು ಉತ್ತರ ಕ್ಯಾಲಿಫೋರ್ನಿಯಾದ 444 ಚೀನೀ ಕುಟುಂಬಗಳನ್ನು ಎಂಟು ವರ್ಷಗಳ ಅವಧಿಯಲ್ಲಿ ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಇದ್ದದ್ದು ಬೆಂಬಲದ ಪಾಲನೆ. ಮಕ್ಕಳನ್ನು ಕಠೋರವಾಗಿ ಓದಿಗೆ ಒತ್ತುವ ಹೆಸರಾಂತ ‘ಹುಲಿ ತಾಯಿ’ಯ ಮಾದರಿ ಅತಿ ಸಾಮಾನ್ಯವಾದದ್ದೇನೂ ಆಗಿರಲಿಲ್ಲ. ಆ ಮಾದರಿಯಲ್ಲಿ ಬೆಳೆದವರ ಅಂಕಗಳು ಬೆಂಬಲದ ಮನೆಗಳ ಮಕ್ಕಳಿಗಿಂತ ಕಡಿಮೆ, ಖಿನ್ನತೆಯ ಲಕ್ಷಣಗಳು ಹೆಚ್ಚು. ಹೆತ್ತವರ ಜೊತೆ ಮಾತಾಡುವಾಗ ಈ ಫಲಿತಾಂಶ ಬಹಳ ಉಪಯುಕ್ತ, ಏಕೆಂದರೆ ಅದು ‘ಅಮೆರಿಕದವರಂತೆ ಆಗಿ’ ಎನ್ನುವುದಿಲ್ಲ. ಯಶಸ್ಸು ಕಂಡ ಇತರ ಚೀನೀ ಮನೆಗಳಲ್ಲಿ ಏನು ನಡೆಯುತ್ತಿದೆ ಎಂದು ತೋರಿಸುತ್ತದೆ.

ಹೊಡೆತದ ಪ್ರಶ್ನೆ ಇನ್ನೂ ಸೂಕ್ಷ್ಮ. ಮಗುವಿನ ಕೈ ಮೇಲೆ ಬಾಸುಂಡೆ ಕಂಡರೆ ಶಿಕ್ಷಕರು ಮಕ್ಕಳ ರಕ್ಷಣಾ ಇಲಾಖೆಗೆ ವರದಿ ಮಾಡಲೇಬೇಕು, ಅದು ಕಾನೂನು. ಅಲ್ಲಿಂದ ಅಧಿಕಾರಿಗಳು ಮನೆ ಬಾಗಿಲು ತಟ್ಟಿದಾಗ, ದಾಖಲೆಪತ್ರವಿಲ್ಲದ ತಾಯಿಗೆ ಮಗುವನ್ನೂ ಕಳೆದುಕೊಳ್ಳುವ, ತಾನೂ ಗಡೀಪಾರಾಗುವ ಭಯ ಒಟ್ಟಿಗೆ ಬರುತ್ತದೆ. ಮುಂದೆ ಅವಳು ಶಾಲೆಯ ಕಡೆ ತಲೆ ಹಾಕುವುದಿಲ್ಲ. ಕಾನೂನನ್ನು ಮೊದಲೇ, ಬೆದರಿಕೆಯ ದನಿಯಿಲ್ಲದೆ, ದಾಖಲಾತಿಯ ದಿನವೇ ತಿಳಿಸುವುದು ಮತ್ತು ದಣಿದು ಬಂದ ರಾತ್ರಿ ಹನ್ನೊಂದಕ್ಕೆ ಹಟ ಹಿಡಿದ ಮಗುವನ್ನು ಹೊಡೆಯದೆ ಹೇಗೆ ಸಂಭಾಳಿಸುವುದು ಎಂದು ಕಲಿಸುವುದು, ಈ ಎರಡೂ ಒಟ್ಟಿಗೆ ಆಗಬೇಕು. ಬರೀ ಮೊದಲನೆಯದು ಭಯವನ್ನಷ್ಟೇ ಬೆಳೆಸುತ್ತದೆ.

ನೆರವು ಯಾವ ಬಾಗಿಲಿಂದ ಒಳಗೆ ಹೋಗುತ್ತದೆ

ಮಾನಸಿಕ ಆರೋಗ್ಯ ಕೇಂದ್ರ ಎಂಬ ಫಲಕ ಹಾಕಿ ಕೂತರೆ ಈ ಕುಟುಂಬಗಳು ಬರುವುದಿಲ್ಲ. ನಾಚಿಕೆ ಒಂದು ಕಾರಣ. ಸಂಕಟವನ್ನು ತಲೆನೋವು, ನಿದ್ದೆಗೇಡು, ಎದೆಭಾರ ಎಂದು ದೇಹದ ಭಾಷೆಯಲ್ಲಿ ಹೇಳುವ ರೂಢಿ ಇನ್ನೊಂದು. ನ್ಯೂಯಾರ್ಕಿನ ಚಾರ್ಲ್ಸ್ ಬಿ. ವಾಂಗ್ ಸಮುದಾಯ ಆರೋಗ್ಯ ಕೇಂದ್ರ 1971ರ ಚೈನಾಟೌನ್ ಬೀದಿ ಆರೋಗ್ಯ ಮೇಳದಿಂದ ಬೆಳೆದದ್ದು. ಅದು ಮಾನಸಿಕ ಆರೋಗ್ಯ ಸೇವೆಯನ್ನು ಸಾಮಾನ್ಯ ಚಿಕಿತ್ಸೆಯ ಒಳಗೇ ಇಟ್ಟಿತು. ಮಗುವಿಗೆ ಲಸಿಕೆ ಹಾಕಿಸಲು ಬಂದವಳು ಅದೇ ಕಟ್ಟಡದಲ್ಲಿ ತನ್ನ ಭಾಷೆಯವರ ಎದುರು ಕೂತು ‘ಮಗ ನನ್ನನ್ನು ಅಮ್ಮ ಎಂದು ಕರೆಯುವುದಿಲ್ಲ’ ಎಂದು ಹೇಳಿಕೊಳ್ಳಬಹುದು. 1965ರಲ್ಲಿ ಶುರುವಾದ ಚೈನೀಸ್ ಅಮೆರಿಕನ್ ಪ್ಲಾನಿಂಗ್ ಕೌನ್ಸಿಲ್ ಶಿಶುಪಾಲನೆ, ಶಾಲೆಯ ನಂತರದ ತರಗತಿಗಳ ಮೂಲಕ ಇದೇ ಮನೆಗಳನ್ನು ತಲುಪಿತು.

ಶಾಲೆಗಳು ಕಲಿಯಬೇಕಾದದ್ದು ಕೂಡ ಇದೇ ಬಗೆಯದು. ಸಂಜೆ ಆರಕ್ಕೆ ಪಾಲಕರ ಸಭೆ ಕರೆದು ಚೀನೀ ತಂದೆತಾಯಿ ಬರಲಿಲ್ಲ ಎಂದರೆ, ಅದು ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲಿನ ಹೊತ್ತು. ಬೆಳಿಗ್ಗೆ ಒಂಬತ್ತಕ್ಕೆ, ಅಥವಾ ಚೀನೀಯರು ಬಳಸುವ ವೀಚಾಟ್ ಆ್ಯಪ್‌ನ ಧ್ವನಿಸಂದೇಶದಲ್ಲಿ ಪ್ರಯತ್ನಿಸಿದರೆ ಉತ್ತರ ಬರುತ್ತದೆ. ‘ನಿಮ್ಮ ಮಗು ಚೆನ್ನಾಗಿದೆ’ ಎಂಬ ಅಮೆರಿಕನ್ ಸೌಜನ್ಯದ ಕೆಳಗೆ ಅಡಗಿದ ಆತಂಕ ಅವರಿಗೆ ಕೇಳಿಸುವುದಿಲ್ಲ, ವಿಷಯವನ್ನು ನೇರವಾಗಿ ಹೇಳಬೇಕು. 2016ರಿಂದ ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳಿಗೆ ಚಾಂದ್ರಮಾನ ಹೊಸವರ್ಷದ ರಜೆ ಇದೆ. ಕೊರೋನಾ ಕಾಲದ ಬೈಗುಳ, ಹಲ್ಲೆಗಳ ನಂತರ 2021ರಲ್ಲಿ ಇಲಿನಾಯ್ ರಾಜ್ಯ ಏಷ್ಯನ್ ಅಮೆರಿಕನ್ನರ ಚರಿತ್ರೆಯನ್ನು ಶಾಲೆಯಲ್ಲಿ ಕಲಿಸುವುದನ್ನು ಕಡ್ಡಾಯ ಮಾಡಿತು. ಬೀದಿಯಲ್ಲಿ ಅವಮಾನವಾದಾಗ ‘ತಲೆ ತಗ್ಗಿಸಿ ಬಾ’ ಎನ್ನುವ ತಂದೆಗೂ ‘ಏಕೆ ತಗ್ಗಿಸಬೇಕು’ ಎನ್ನುವ ಮಗಳಿಗೂ ನಡುವೆ ಮಾತು ಶುರುವಾಗಲು ಆ ಚರಿತ್ರೆ ಒಂದು ಆಸರೆ.

ಇಷ್ಟೆಲ್ಲ ಹೇಳಿದ ಮೇಲೂ, ಯಾವುದಕ್ಕೆ ಮೊದಲು ಹಣ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಶಿಶುಪಾಲನೆ. ಮಕ್ಕಳು ಚೀನಾದಿಂದ ಮರಳುವ ವಯಸ್ಸನ್ನು ಗಮನಿಸಿ: ಅದು ಉಚಿತ ಶಾಲೆ ಶುರುವಾಗುವ ವಯಸ್ಸು. ನ್ಯೂಯಾರ್ಕ್ ನಗರ 2014ರಲ್ಲಿ ನಾಲ್ಕು ವರ್ಷದವರೆಲ್ಲರಿಗೂ ಉಚಿತ ಪೂರ್ವಪ್ರಾಥಮಿಕ ಶಿಕ್ಷಣ ಆರಂಭಿಸಿತು, 2017ರಿಂದ ಹಂತಹಂತವಾಗಿ ಮೂರು ವರ್ಷದವರಿಗೂ ವಿಸ್ತರಿಸತೊಡಗಿತು. ಉಚಿತ ಬಾಗಿಲು ಒಂದು ವರ್ಷ ಮೊದಲು ತೆರೆದರೆ ಮಗು ಒಂದು ವರ್ಷ ಮೊದಲು ತಾಯಿಯ ಬಳಿ ಇರಬಹುದು. ಹುಟ್ಟಿದ ತಿಂಗಳಿಂದಲೇ ತೆರೆದರೆ ಬಹಳಷ್ಟು ಕೂಸುಗಳು ವಿಮಾನವನ್ನೇ ಹತ್ತಬೇಕಾಗಿಲ್ಲ. ಇದರಲ್ಲೂ ಒಂದು ಬಿರುಕು ಉಳಿದಿದೆ. ಆ ಉಚಿತ ತರಗತಿಯ ದಿನ 6 ಗಂಟೆ 20 ನಿಮಿಷದ್ದು, ಮಧ್ಯಾಹ್ನ ಮೂರರೊಳಗೆ ಮುಗಿಯುತ್ತದೆ. ಹೋಟೆಲಿನ ಅಡುಗೆಮನೆ ಮುಚ್ಚುವುದು ರಾತ್ರಿ ಹತ್ತರ ನಂತರ. ನಡುವಿನ ಆ ಏಳೆಂಟು ಗಂಟೆ ಮಗುವನ್ನು ಇಟ್ಟುಕೊಳ್ಳುವ ನೆರೆಮನೆಯ ಹೆಂಗಸಿಗೆ ತರಬೇತಿ, ಪರವಾನಗಿ, ನ್ಯಾಯವಾದ ಸಂಬಳ ಕೊಡುವ ಯೋಜನೆಯೇ ಈ ಕುಟುಂಬಗಳಿಗೆ ಈಗ ಎಲ್ಲಕ್ಕಿಂತ ತುರ್ತಾಗಿ ಬೇಕಾಗಿರುವುದು.